ಹವ್ಯಾಸಿ ಯಂತ್ರಕರ್ಮದಲ್ಲಿ ವಿನ್ಯಾಸದ ಕಡತಗಳು: ರೂಪದ ಆಯ್ಕೆ ಮತ್ತು ವಿನಿಮಯ

1. ವಿಷಯಪ್ರವೇಶ

ನಂಜನಗೂಡಿನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಬಾಗಿಲಿಗೆಂದು "ಶ್ರೀಕಂಠೇಶ್ವರ ನಿಲಯ" ಎಂಬ ನಾಮಫಲಕವನ್ನು ಗಣಕಯಂತ್ರದಲ್ಲಿ ರಚಿಸಿ, ತಿರುಮಕೂಡಲು ನರಸೀಪುರದಲ್ಲಿ ಸಣ್ಣದೊಂದು ಲೇಸರ್ ಯಂತ್ರವನ್ನಿಟ್ಟುಕೊಂಡಿರುವ ಪರಿಚಿತರೊಬ್ಬರಿಗೆ ಅದರ ಕಡತವನ್ನು ಕಳುಹಿಸಿದಳೆಂದು ಭಾವಿಸೋಣ. ಆಕೆ 400 ಮಿಲಿಮೀಟರು ಉದ್ದಕ್ಕೆ ರಚಿಸಿದ್ದ ಫಲಕವು 375 ಮಿಲಿಮೀಟರು ಉದ್ದದ್ದಾಗಿ ಹೊರಬಂದಿತು. ಒತ್ತಕ್ಷರವು ಮೂಲಾಕ್ಷರವನ್ನು ಸೇರುವೆಡೆಯಲ್ಲಿ ಬೇಡದ ಗೆರೆಗಳು ಬಿದ್ದುವು. "ಕಂ" ಎಂಬುದರ ಸೊನ್ನೆಯ ನಡುವಣ ಬಿಲ್ಲೆಯೂ, "ಠೇ" ಎಂಬುದರ ಒಡಲೂ ಹಲಗೆಯಿಂದ ಕಳಚಿ ಯಂತ್ರದ ತಳಕ್ಕೆ ಬಿದ್ದುವು. ಇಂತಹ ಪ್ರಸಂಗದಲ್ಲಿ ವಿದ್ಯಾರ್ಥಿನಿಯ ಕೈ ತಪ್ಪಿತೆನ್ನಲಾಗದು; ಯಂತ್ರವು ಕೆಟ್ಟಿತೆನ್ನಲಾಗದು; ಯಂತ್ರವನ್ನು ನಡೆಸಿದವರಾದರೂ ತಮಗೆ ಬಂದುದನ್ನೇ ಕತ್ತರಿಸಿದರು. ದೋಷವಿರುವುದು ಇಬ್ಬರ ನಡುವೆ ಸಂಚರಿಸಿದ ಕಡತದಲ್ಲಿ.

ಈ ನಿದರ್ಶನವು ಕಲ್ಪಿತವಾದರೂ ಇದರಲ್ಲಿ ಹೇಳಿದ ಒಂದೊಂದು ತೊಡಕೂ ವಾಸ್ತವವಾದುದು. ಪ್ರತಿಯೊಂದಕ್ಕೂ ನಿಶ್ಚಿತವಾದ ಕಾರಣವುಂಟು. ಆ ಕಾರಣಗಳನ್ನು ವಿಶದಪಡಿಸಿ, ಯಾವ ಪ್ರಯೋಜನಕ್ಕೆ ಯಾವ ಕಡತರೂಪವನ್ನು ಆರಿಸಿಕೊಳ್ಳಬೇಕು, ಅದನ್ನು ಇತರರಿಗೆ ಕೊಡುವಾಗ ಏನೇನನ್ನು ಜೊತೆಗಿಡಬೇಕು ಎಂಬುದನ್ನು ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಪ್ರತಿಪಾದಿಸಬಯಸುವ ಮುಖ್ಯ ವಿಷಯವಿಷ್ಟೆ: ಕಡತವು ತನ್ನ ಕರ್ತೃವಿಲ್ಲದ ಕಡೆಗೆ ಒಂಟಿಯಾಗಿ ಹೋಗುತ್ತದೆ, ಆದುದರಿಂದ ಕರ್ತೃವಿನ ಮನಸ್ಸಿನಲ್ಲಿದ್ದುದೆಲ್ಲವೂ ಅದರ ಒಳಗೇ ಇರತಕ್ಕದ್ದು.

2. ಯಂತ್ರಗಳು ಬಯಸುವುದೇನು

ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಯಂತ್ರವು ಹೊಸದೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ 1952ರಲ್ಲಿ ಇಂತಹ ಲೋಹ ಕೊರೆಯುವ ಯಂತ್ರವನ್ನು ಪ್ರದರ್ಶಿಸಲಾಯಿತು. ಇಂದು ಹವ್ಯಾಸಿಗಳ ಮೇಜಿನ ಮೇಲಿರುವ ಸಿ.ಎನ್.ಸಿ. ರೂಟರ್ ಯಂತ್ರವು ಅದರ ವಂಶದ್ದೇ. ಲೇಸರ್ ಕಿರಣವನ್ನು ಮೊದಲು ಸಾಧಿಸಿದುದು 1960ರಲ್ಲಿ. ಮರ, ಅಕ್ರಿಲಿಕ್, ಚರ್ಮಗಳನ್ನು ಕತ್ತರಿಸಲು ಇಂದು ವಿಶೇಷವಾಗಿ ಬಳಸುವ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಕಂಡುಹಿಡಿದವರು ಭಾರತದಲ್ಲಿ ಜನಿಸಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಸಿ. ಕುಮಾರ್ ಪಟೇಲರು. ಇಂತಹ ಯಂತ್ರಗಳನ್ನು ಗ್ರಾಮೀಣ ವಿದ್ಯಾರ್ಥಿಗಳ ಕೈಗೆ ಕೊಟ್ಟ ಮೊದಮೊದಲ ಪ್ರಯತ್ನಗಳಲ್ಲಿ ಒಂದು ನಮ್ಮ ದೇಶದಲ್ಲಿಯೇ ನಡೆಯಿತು: 2002ರಲ್ಲಿ ಮಹಾರಾಷ್ಟ್ರದ ಪಾಬಳದ ವಿಜ್ಞಾನ ಆಶ್ರಮದಲ್ಲಿ ಫ್ಯಾಬ್ ಲ್ಯಾಬ್ ಎಂಬ ಕಾರ್ಯಶಾಲೆಯು ಆರಂಭವಾಯಿತು.

ಲೇಸರ್ ಯಂತ್ರವು ಶಾಖದಿಂದ ಕತ್ತರಿಸುತ್ತದೆ. ರೂಟರ್ ಯಂತ್ರವು ತಿರುಗುವ ಅಲಗಿನಿಂದ ಕೊರೆಯುತ್ತದೆ. ಆದರೆ ಎರಡಕ್ಕೂ ಬೇಕಾದುದು ಒಂದೇ: ಎಲ್ಲಿಂದ ಹೊರಟು ಯಾವ ಹಾದಿಯಲ್ಲಿ ಎಲ್ಲಿಗೆ ಹೋಗಬೇಕು ಎಂಬ ವಿವರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಡತರೂಪಗಳ ಗುಣದೋಷಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

3. ಚುಕ್ಕೆಚಿತ್ರ ಮತ್ತು ರೇಖಾಚಿತ್ರ

ಅಂಗಳದ ರಂಗೋಲಿಯನ್ನು ಪಕ್ಕದ ಮನೆಯವರಿಗೆ ಎರಡು ರೀತಿಯಲ್ಲಿ ತಿಳಿಸಬಹುದು. ಅದರ ಛಾಯಾಚಿತ್ರವನ್ನು ತೆಗೆದು ಕೊಡುವುದು ಒಂದು ರೀತಿ. "ಏಳು ಚುಕ್ಕೆಯ ಏಳು ಸಾಲು; ಮೂಲೆಯ ಚುಕ್ಕೆಯಿಂದ ಹೊರಟು ಎರಡನೆಯದನ್ನು ಬಳಸಿ ಬರುವುದು" ಎಂದು ಹೇಳಿಕೊಡುವುದು ಇನ್ನೊಂದು ರೀತಿ. ಛಾಯಾಚಿತ್ರವು ನೋಡಲು ಚೆನ್ನಾಗಿರುತ್ತದೆ. ಆದರೆ ಅದರಲ್ಲಿ ಗೆರೆಯೆಂಬುದಿಲ್ಲ, ಬಿಳಿದಾದ ಮತ್ತು ಕಪ್ಪಾದ ಕಣಗಳ ರಾಶಿ ಮಾತ್ರ ಇದೆ. ಎರಡನೆಯದರಲ್ಲಿ ನೋಟವಿಲ್ಲ, ಹಾದಿಯಿದೆ. ಚಿಕ್ಕ ಅಂಗಳಕ್ಕಾಗಲಿ ದೊಡ್ಡ ಅಂಗಳಕ್ಕಾಗಲಿ ಅದೇ ಮಾತು ಸಾಲುತ್ತದೆ.

ಗಣಕದಲ್ಲಿಯೂ ಇದೇ ಭೇದ. ಜೆ.ಪಿ.ಇ.ಜಿ., ಪಿ.ಎನ್.ಜಿ. ಮೊದಲಾದುವು ಚುಕ್ಕೆಚಿತ್ರಗಳು. ಎಸ್.ವಿ.ಜಿ., ಡಿ.ಎಕ್ಸ್.ಎಫ್. ಮೊದಲಾದುವು ರೇಖಾಚಿತ್ರಗಳು, ಇವುಗಳಲ್ಲಿ ಬಿಂದುಗಳ ನಿರ್ದೇಶಾಂಕಗಳೂ, ಅವುಗಳನ್ನು ಕೂಡಿಸುವ ಸರಳ ಮತ್ತು ವಕ್ರರೇಖೆಗಳೂ ಇರುತ್ತವೆ. ಮರದ ಮೇಲೆ ಭಾವಚಿತ್ರವನ್ನು ಸುಟ್ಟು ಮೂಡಿಸಬೇಕಾದರೆ ಚುಕ್ಕೆಚಿತ್ರವೇ ತಕ್ಕುದು, ಏಕೆಂದರೆ ಅಲ್ಲಿ ಲೇಸರ್ ಕಿರಣವು ಸಾಲುಸಾಲಾಗಿ ಓಡಿ ಕಣಗಳನ್ನೇ ಒತ್ತುತ್ತದೆ. ಕತ್ತರಿಸಬೇಕಾದಲ್ಲಿ ಮಾತ್ರ ರೇಖೆಯೇ ಬೇಕು. ಚುಕ್ಕೆಚಿತ್ರದಿಂದ ರೇಖೆಯನ್ನು ಊಹಿಸಿ ತೆಗೆಯುವ ತಂತ್ರಾಂಶಗಳುಂಟು. ಆದರೆ ಅವುಗಳ ಫಲವು ನೆರಳನ್ನು ನೋಡಿ ವಸ್ತುವನ್ನು ಬರೆದಂತಿರುವುದು: ಒಂದು ನೇರವಾದ ಅಂಚಿನ ಮೇಲೆ ನೂರಾರು ಅನಾವಶ್ಯಕ ಬಿಂದುಗಳು ಸೇರಿಕೊಂಡು ಯಂತ್ರವು ನಡುಗುತ್ತ ಸಾಗುತ್ತದೆ. ವಿನ್ಯಾಸದ ಛಾಯಾಚಿತ್ರವನ್ನು ಮಾತ್ರ ಕಳುಹಿಸಿ ಕತ್ತರಿಸಿಕೊಡಿರೆಂದು ಕೇಳುವುದು ಈ ಕಾರಣದಿಂದ ಯುಕ್ತವಲ್ಲ.

4. ಪ್ರಚಲಿತ ಕಡತರೂಪಗಳು

ಡಿ.ಎಕ್ಸ್.ಎಫ್. ರೂಪವನ್ನು ಆಟೋಡೆಸ್ಕ್ ಸಂಸ್ಥೆಯು 1982ರಲ್ಲಿ ತನ್ನ ಆಟೋಕ್ಯಾಡ್ ತಂತ್ರಾಂಶದೊಡನೆ ಹೊರತಂದಿತು. ಅದೇ ಸಂಸ್ಥೆಯ ನಿಜರೂಪವಾದ ಡಿ.ಡಬ್ಲ್ಯೂ.ಜಿ.ಯ ಒಳರಚನೆಯನ್ನು ಅದು ಬಹಿರಂಗಪಡಿಸಿಲ್ಲ, ಡಿ.ಎಕ್ಸ್.ಎಫ್. ಆದರೋ ವಿನಿಮಯಕ್ಕೆಂದೇ ಹುಟ್ಟಿದುದು, ಅದರ ವಿವರಣೆಯು ಪ್ರಕಟವಾಗಿದೆ. ಸಾಮಾನ್ಯವಾಗಿ ಇದು ಅಕ್ಷರಗಳಲ್ಲಿಯೇ ಬರೆದ ಕಡತವಾದುದರಿಂದ ಸಾಧಾರಣ ಪಠ್ಯ ತಂತ್ರಾಂಶದಲ್ಲಿಯೂ ತೆರೆದು ಓದಬಹುದು. ವೃತ್ತವೊಂದಿದ್ದರೆ 10 ಎಂಬ ಸಂಕೇತದ ಕೆಳಗೆ ಕೇಂದ್ರದ ಎಕ್ಸ್ ನಿರ್ದೇಶಾಂಕವೂ, 20ರ ಕೆಳಗೆ ವೈ ನಿರ್ದೇಶಾಂಕವೂ, 40ರ ಕೆಳಗೆ ತ್ರಿಜ್ಯವೂ ಇರುವುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು.

ಎಸ್.ವಿ.ಜಿ. ರೂಪವು ಯಾವ ಒಂದು ವ್ಯಾಪಾರ ಸಂಸ್ಥೆಯ ಸ್ವತ್ತೂ ಅಲ್ಲ. ವಿಶ್ವವ್ಯಾಪಿ ಜಾಲದ ಮಾನಕಗಳನ್ನು ನಿರೂಪಿಸುವ ಡಬ್ಲ್ಯೂ3ಸಿ ಒಕ್ಕೂಟವು ಇದನ್ನು 2001ರಲ್ಲಿ ಅಂಗೀಕರಿಸಿತು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದ ಮೂಲರೂಪವು ಇದೇ. ಬಣ್ಣ, ಪದರ, ಅಕ್ಷರ, ವಕ್ರರೇಖೆ ಎಲ್ಲವನ್ನೂ ಇದು ಹೊರಬಲ್ಲುದು. ಕತ್ತರಿಸುವ ಗೆರೆಗೆ ಕೆಂಪು, ಕೆತ್ತುವ ಗೆರೆಗೆ ಕಪ್ಪು ಎಂದು ಬಣ್ಣಗಳಿಂದ ಭೇದವನ್ನು ತೋರಿಸುವ ಪದ್ಧತಿಗೆ ಇದು ಬಹಳ ಅನುಕೂಲ.

1993ರಲ್ಲಿ ಅಡೋಬಿ ಸಂಸ್ಥೆಯು ಹೊರತಂದ ಪಿ.ಡಿ.ಎಫ್., 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇದರ ಮೂಲಮಾನವು ಅಂಗುಲದ 72ನೆಯ ಒಂದು ಭಾಗವೆಂದು ನಿಯಮಿತವಾಗಿರುವುದರಿಂದ ಅಳತೆಯು ಬಹುಮಟ್ಟಿಗೆ ಕೆಡದೆ ತಲಪುತ್ತದೆ. ಆದರೆ ಪಿ.ಡಿ.ಎಫ್. ಎಂಬ ಹೊದಿಕೆಯೊಳಗೆ ಚುಕ್ಕೆಚಿತ್ರವನ್ನೂ ಅಡಗಿಸಬಹುದಾದುದರಿಂದ, ಒಳಗಿರುವುದು ರೇಖೆಯೇ ಹೌದೇ ಎಂಬುದನ್ನು ಹಿಗ್ಗಿಸಿ ನೋಡಿ ನಿಶ್ಚಯಿಸಿಕೊಳ್ಳಬೇಕು.

ನಮ್ಮ ಊರುಗಳ ನಾಮಫಲಕದ ಅಂಗಡಿಗಳಲ್ಲಿ ಕೋರೆಲ್ ಡ್ರಾ ತಂತ್ರಾಂಶವು ಬಹಳ ಬಳಕೆಯಲ್ಲಿದೆ. ಅದರ ಸಿ.ಡಿ.ಆರ್. ಕಡತವು ಅದೇ ತಂತ್ರಾಂಶವನ್ನು ಹೊಂದಿರುವವರಿಗೆ ಮಾತ್ರ ಪೂರ್ಣವಾಗಿ ಒದಗುತ್ತದೆ; ಹಳೆಯ ಆವೃತ್ತಿಯುಳ್ಳವರಿಗೆ ಹೊಸ ಆವೃತ್ತಿಯ ಕಡತವು ತೆರೆಯುವುದಿಲ್ಲ. ಸ್ವಂತ ಕೆಲಸಕ್ಕೆ ಇದು ಎಷ್ಟೇ ಹಿತವಾದರೂ ವಿನಿಮಯಕ್ಕೆ ತಕ್ಕುದಲ್ಲ.

ಘನಾಕೃತಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಉಬ್ಬುಶಿಲ್ಪದಂತಹವನ್ನು ರೂಟರಿನಿಂದ ಕೊರೆಯಲು ಬಳಸುವ ಎಸ್.ಟಿ.ಎಲ್. ರೂಪದಲ್ಲಿ ಮೇಲ್ಮೈಯೆಲ್ಲವೂ ತ್ರಿಕೋನಗಳ ಬಲೆಯಾಗಿರುತ್ತದೆ. ಅದರಲ್ಲಿ ಅಳತೆಯ ಮಾನವಿಲ್ಲ, ತಿದ್ದುವುದಕ್ಕೂ ಕಷ್ಟ. ತಿದ್ದಬೇಕೆನ್ನುವವರಿಗೆ ಐ.ಎಸ್.ಒ. 10303 ಮಾನಕದ ಸ್ಟೆಪ್ ರೂಪವನ್ನು ಕೊಡುವುದು ಮೇಲು.

5. ಅಳತೆ ಕೆಡುವುದೇಕೆ

ಮೊದಲು ಹೇಳಿದ ಫಲಕವು 400ರಿಂದ 375ಕ್ಕೆ ಇಳಿದುದು ಹೇಗೆ? ಎಸ್.ವಿ.ಜಿ. ಕಡತದಲ್ಲಿ ಅಳತೆಯನ್ನು ಮಿಲಿಮೀಟರಿನಲ್ಲಿ ನಮೂದಿಸಬಹುದು. ಮಾನವನ್ನು ಹೇಳದೆ ಪಿಕ್ಸೆಲ್‌ಗಳ ಸಂಖ್ಯೆಯನ್ನು ಮಾತ್ರ ಬರೆಯಲೂಬಹುದು. ಹಾಗೆ ಬರೆದಾಗ ಒಂದು ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಎಂಬುದನ್ನು ಓದುವ ತಂತ್ರಾಂಶವು ತಾನೇ ಊಹಿಸಿಕೊಳ್ಳುತ್ತದೆ. ಇಂಕ್‌ಸ್ಕೇಪಿನ ಹಳೆಯ ಆವೃತ್ತಿಗಳು 90 ಎಂದು ಎಣಿಸುತ್ತಿದ್ದುವು. 2017ರ ಜನವರಿಯಲ್ಲಿ ಬಂದ 0.92ನೆಯ ಆವೃತ್ತಿಯಿಂದೀಚೆಗೆ 96 ಎಂದು ಎಣಿಸುತ್ತವೆ. ಅಡೋಬಿ ಇಲಸ್ಟ್ರೇಟರಿನ ಎಣಿಕೆ 72. 90ರ ಲೆಕ್ಕದಲ್ಲಿ ಬರೆದುದನ್ನು 96ರ ಲೆಕ್ಕದಲ್ಲಿ ಓದಿದರೆ 100 ಮಿಲಿಮೀಟರು 93.75 ಆಗುತ್ತದೆ, 400 ಮಿಲಿಮೀಟರು 375 ಆಗುತ್ತದೆ. 72ರಲ್ಲಿ ಬರೆದುದನ್ನು 96ರಲ್ಲಿ ಓದಿದರೆ ನೂರು ಎಪ್ಪತ್ತೈದಾಗುತ್ತದೆ.

ಎಪ್ಪತ್ತೈದಾದರೆ ಕಣ್ಣಿಗೆ ಬೀಳುತ್ತದೆ. ಹೆಚ್ಚು ಅಪಾಯಕರವಾದುದು ಕಣ್ಣಿಗೆ ಬೀಳದ ಮೊದಲನೆಯದು. ಪ್ಲೈವುಡ್ ಪೆಟ್ಟಿಗೆಯೊಂದರಲ್ಲಿ 3 ಮಿಲಿಮೀಟರು ಹಲಗೆಗೆಂದು ಮಾಡಿದ ಕಿಂಡಿಯು 2.8125 ಮಿಲಿಮೀಟರಿಗೆ ಇಳಿದಿರುತ್ತದೆ. ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ತೋರುತ್ತದೆ; ಹಲಗೆಯೆಲ್ಲ ಕತ್ತರಿಸಿ ಮುಗಿದು ಜೋಡಿಸಲು ಕುಳಿತಾಗ ಮಾತ್ರ ಒಂದು ತುಂಡೂ ಕೂರುವುದಿಲ್ಲ. ಆ ವೇಳೆಗೆ ಹಲಗೆಯ ಬೆಲೆಯೂ ಒಂದು ದಿನದ ಕೆಲಸವೂ ನಷ್ಟವಾಗಿರುತ್ತದೆ.

ಡಿ.ಎಕ್ಸ್.ಎಫ್.ನಲ್ಲಿ ತೊಡಕಿನ ಬಗೆ ಬೇರೆ. ಅಲ್ಲಿ ಸಂಖ್ಯೆಗಳಿಗೆ ಸ್ವತಃ ಮಾನವಿಲ್ಲ. 100 ಎಂಬುದು ಮಿಲಿಮೀಟರೂ ಆಗಬಹುದು, ಅಂಗುಲವೂ ಆಗಬಹುದು. ಶೀರ್ಷಿಕೆಯ ಭಾಗದಲ್ಲಿ ಮಾನವನ್ನು ಸೂಚಿಸುವ ಸ್ಥಾನವೊಂದುಂಟು. ಅಲ್ಲಿ 1 ಎಂದರೆ ಅಂಗುಲ, 4 ಎಂದರೆ ಮಿಲಿಮೀಟರು, 0 ಎಂದರೆ ಮಾನವಿಲ್ಲ. ಅನೇಕ ತಂತ್ರಾಂಶಗಳು ಅದನ್ನು ಬರೆಯುವುದೂ ಇಲ್ಲ, ಓದುವುದೂ ಇಲ್ಲ. ಆಗ ವಸ್ತುವು 25.4 ಪಟ್ಟು ಹಿಗ್ಗಿ ಅಥವಾ ಕುಗ್ಗಿ ಬರುವುದು. ಈ ತಪ್ಪು ಒಡನೆಯೇ ಗೊತ್ತಾಗುವುದರಿಂದ ಕೇಡು ಕಡಮೆ.

ಇವೆಲ್ಲಕ್ಕೂ ಒಂದೇ ಪರಿಹಾರವುಂಟು, ಅದು ಅತ್ಯಂತ ಸುಲಭವಾದುದು. ಭೂಪಟದ ಮೂಲೆಯಲ್ಲಿ ಅಳತೆಯ ಪಟ್ಟಿಯನ್ನು ಬರೆದಿರುವಂತೆ, ವಿನ್ಯಾಸದ ಮೂಲೆಯಲ್ಲಿ ಪ್ರತ್ಯೇಕ ಪದರದ ಮೇಲೆ ಸರಿಯಾಗಿ 100 ಮಿಲಿಮೀಟರು ಭುಜದ ಚೌಕವೊಂದನ್ನು ಬರೆದು "ಈ ಚೌಕದ ಭುಜ 100 ಮಿ.ಮೀ." ಎಂದು ಕಡತದೊಡನೆ ತಿಳಿಸುವುದು. ಪಡೆದವರು ಮೊದಲು ಅದನ್ನು ಅಳೆಯಲಿ. ವ್ಯತ್ಯಾಸವಿದ್ದರೆ ಇಡೀ ಚಿತ್ರವನ್ನು ಅದೇ ಪ್ರಮಾಣದಲ್ಲಿ ತಿದ್ದಿಕೊಳ್ಳಲಿ.

6. ವಕ್ರರೇಖೆಗಳೂ ಸೋಮನಾಥಪುರದ ನಕ್ಷತ್ರವೂ

ಗಣಕದಲ್ಲಿ ಬಳಸುವ ನಯವಾದ ವಕ್ರರೇಖೆಗಳ ಗಣಿತವನ್ನು 1960ರ ಆಸುಪಾಸಿನಲ್ಲಿ ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ ಬೆಜಿಯೆ ಮತ್ತು ಕಾಸ್ತೆಲ್ಜೊ ಎಂಬವರು ಬೇರೆಬೇರೆಯಾಗಿ ರೂಪಿಸಿದರು. ಎಸ್.ವಿ.ಜಿ. ಮತ್ತು ಪಿ.ಡಿ.ಎಫ್. ಇವುಗಳನ್ನು ಇದ್ದಂತೆಯೇ ಹೊರುತ್ತವೆ. ಆದರೆ ಹವ್ಯಾಸಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಡಿ.ಎಕ್ಸ್.ಎಫ್.ನ 12ನೆಯ ಆವೃತ್ತಿಯಲ್ಲಿ ಇಂತಹ ರೇಖೆಗೆ ಸ್ಥಾನವಿಲ್ಲ; ಅದರೊಳಗೆ ಸೇರಿಸಿದಾಗ ವಕ್ರವು ಚಿಕ್ಕಚಿಕ್ಕ ಸರಳರೇಖೆಗಳಾಗಿ ಒಡೆಯುತ್ತದೆ. ಇದರಿಂದಾಗುವ ದೋಷವನ್ನು ಲೆಕ್ಕ ಹಾಕಬಹುದು. 50 ಮಿಲಿಮೀಟರು ತ್ರಿಜ್ಯದ ವೃತ್ತವನ್ನು 36 ಭುಜಗಳ ಬಹುಭುಜವಾಗಿ ಮಾಡಿದರೆ ಭುಜದ ನಡುವೆ ಸುಮಾರು 0.19 ಮಿಲಿಮೀಟರು ವ್ಯತ್ಯಾಸವಾಗುವುದು. 72 ಭುಜಗಳಾದರೆ ಸುಮಾರು 0.05. ಎರಡನೆಯದು ಮರದ ಕೆಲಸದಲ್ಲಿ ಕಣ್ಣಿಗೆ ತೋರದು. ಆದುದರಿಂದ 12ನೆಯ ಆವೃತ್ತಿಯನ್ನು ಬಳಸಲೇಬಾರದೆಂದಲ್ಲ. ಒಡೆಯುವಾಗ ಸೂಕ್ಷ್ಮತೆಯನ್ನು ತಾವೇ ಗೊತ್ತುಮಾಡಬೇಕು, ಒಡೆಯದ ಮೂಲವನ್ನು ಬೇರೆಯಾಗಿ ಕಾಪಾಡಬೇಕು.

ಮೂಲವನ್ನು ಕಾಪಾಡಬೇಕೆನ್ನುವುದಕ್ಕೆ ನಮ್ಮ ತಾಲ್ಲೂಕಿನಿಂದಲೇ ಒಂದು ನಿದರ್ಶನವನ್ನು ಕೊಡುತ್ತೇವೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನು 13ನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದನು. 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಮೂರು ಗರ್ಭಗುಡಿಗಳ ತಲವಿನ್ಯಾಸವು ಹದಿನಾರು ಮೊನೆಗಳ ನಕ್ಷತ್ರಾಕಾರದ್ದು. ಇಂತಹ ನಕ್ಷತ್ರವನ್ನು ವಿದ್ಯಾರ್ಥಿಯು ಹಲಗೆಯಲ್ಲಿ ಕತ್ತರಿಸಬೇಕೆಂದಿರಲಿ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 22.5 ಅಂಶಗಳಂತೆ ಮೂರು ಸಲ ತಿರುಗಿಸಿ ಇಟ್ಟರೆ ನಾಲ್ಕು ಚೌಕಗಳ ಹದಿನಾರು ಮೂಲೆಗಳು ಹದಿನಾರು ಮೊನೆಗಳಾಗುತ್ತವೆ.

ಈಗ ಕಳುಹಿಸುವ ಬಗೆ ಮೂರು. ನಾಲ್ಕು ಚೌಕಗಳನ್ನು ಹಾಗೆಯೇ ಕಳುಹಿಸಿದರೆ ಯಂತ್ರವು ಒಳಗೆ ಹಾಯುವ ಗೆರೆಗಳನ್ನೂ ಕತ್ತರಿಸಿ ನಕ್ಷತ್ರವನ್ನು ಚೂರು ಮಾಡುತ್ತದೆ. ಅವುಗಳನ್ನು ಒಂದುಗೂಡಿಸಿ ಹೊರ ಅಂಚನ್ನು ಮಾತ್ರ ಉಳಿಸಿದರೆ 32 ಬಿಂದುಗಳ ಒಂದೇ ಮುಚ್ಚಿದ ರೇಖೆಯಾಗುತ್ತದೆ. ಕತ್ತರಿಸಲು ಇದೇ ಸರಿ. ಆದರೆ ಇದನ್ನು ಪಡೆದವನು ಹದಿನಾರರ ಬದಲು ಇಪ್ಪತ್ತನಾಲ್ಕು ಮೊನೆಗಳನ್ನು ಮಾಡಬಯಸಿದರೆ 32 ಬಿಂದುಗಳಿಂದ ಅವನಿಗೆ ಏನೂ ಸಹಾಯವಿಲ್ಲ. "ಚೌಕ ಒಂದು, ಸಂಖ್ಯೆ ನಾಲ್ಕು, ಕೋನ 22.5" ಎಂಬ ರಚನೆಯ ಕ್ರಮವನ್ನೇ ಉಳಿಸಿಕೊಂಡ ಮೂಲಕಡತವು ದೊರೆತರೆ "ಸಂಖ್ಯೆ ಆರು, ಕೋನ 15" ಎಂದು ತಿದ್ದಿದರೆ ಮುಗಿಯಿತು. ಕತ್ತರಿಸುವುದಕ್ಕೊಂದು ಕಡತ, ತಿದ್ದುವುದಕ್ಕೊಂದು ಕಡತ ಎಂಬ ನಿಯಮವು ಇದರಿಂದ ಸಿದ್ಧವಾಗುತ್ತದೆ.

7. ಕನ್ನಡ ಲಿಪಿಯ ವಿಶೇಷ ತೊಡಕುಗಳು

ಇಂಗ್ಲಿಷ್ ಗ್ರಂಥಗಳಲ್ಲಿ ದೊರೆಯದ ಒಂದು ಭಾಗಕ್ಕೆ ಈಗ ಬರುತ್ತೇವೆ. ನಮ್ಮ ಕಡೆಯ ಹವ್ಯಾಸಿಗಳು ಮಾಡುವ ಕೆಲಸದಲ್ಲಿ ಕನ್ನಡ ಅಕ್ಷರಗಳಿಗೆ ದೊಡ್ಡ ಪಾಲಿದೆ. ಕಡತವು ಊರಿಂದೂರಿಗೆ ಹೋಗುವಾಗ ಅವು ನಾಲ್ಕು ಬಗೆಯ ವಿಪತ್ತಿಗೆ ಗುರಿಯಾಗುತ್ತವೆ.

ಮೊದಲನೆಯದು ಸಂಕೇತದ ವಿಪತ್ತು. ಯೂನಿಕೋಡ್ ಮಾನಕದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೂ ಅನೇಕ ವರ್ಷಗಳ ಕಾಲ, ಕೆಲವೆಡೆ ಇಂದಿಗೂ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನಿಟ್ಟ ಅಕ್ಷರಮಾದರಿಗಳೇ ನಡೆದುಬಂದಿವೆ. ಆ ಮಾದರಿಯಿಲ್ಲದ ಗಣಕದಲ್ಲಿ ತೆರೆದರೆ ಬರಹವೆಲ್ಲವೂ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಹಳೆಯ ಕನ್ನಡ ಕಡತಗಳನ್ನು ಹುಡುಕಿ ತೆರೆದ ಅಧ್ಯಾಪಕರೆಲ್ಲರಿಗೂ ಈ ಅನುಭವವಿದ್ದೀತು.

ಎರಡನೆಯದು ಜೋಡಣೆಯ ವಿಪತ್ತು. "ಶ್ರೀ" ಎಂಬುದನ್ನು ಯೂನಿಕೋಡಿನಲ್ಲಿ ಶಕಾರ, ಹಲಂತ, ರೇಫ, ದೀರ್ಘ ಈಕಾರ ಎಂದು ಬಿಡಿಬಿಡಿಯಾಗಿ ಬರೆದಿರುತ್ತದೆ. ಅವನ್ನು ಒಂದುಗೂಡಿಸಿ ತೋರಿಸುವುದು ತಂತ್ರಾಂಶದ ಕೆಲಸ. ಯಂತ್ರಗಳಿಗಾಗಿ ಬರೆದ ಕೆಲವು ತಂತ್ರಾಂಶಗಳು ಈ ಜೋಡಣೆಯನ್ನು ಅರಿಯವು; ಅವುಗಳಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲಿಯೇ ನಿಲ್ಲುತ್ತದೆ. ಈ ಎರಡಕ್ಕೂ ಮದ್ದು ಒಂದೇ: ಕಳುಹಿಸುವ ಮೊದಲು ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸುವುದು. ಬಳಿಕ ಅವು ಅಕ್ಷರಗಳಲ್ಲ, ಆಕಾರಗಳು. ಎಲ್ಲಿ ತೆರೆದರೂ ಹಾಗೆಯೇ ಇರುತ್ತವೆ. ಆದರೆ ಪರಿವರ್ತಿಸಿದ ಮೇಲೆ ಕಾಗುಣಿತದ ತಪ್ಪನ್ನು ತಿದ್ದಲಾಗದು. ಆದುದರಿಂದ ಪರಿವರ್ತಿಸದ ಪ್ರತಿಯನ್ನೂ, ಬಳಸಿದ ಅಕ್ಷರಮಾದರಿಯ ಹೆಸರನ್ನೂ ಇಟ್ಟುಕೊಳ್ಳಬೇಕು. ನೋಟೋ, ಬಾಲೂ ತಮ್ಮ ಮೊದಲಾದ ಮುಕ್ತ ಪರವಾನಗಿಯ ಮಾದರಿಗಳನ್ನು ಆರಿಸಿಕೊಂಡರೆ ಮಾದರಿಯ ಕಡತವನ್ನೂ ಜೊತೆಗೆ ಕೊಡಲು ಅಡ್ಡಿಯಿಲ್ಲ.

ಮೂರನೆಯದು ಮೇಲೆಮೇಲೆ ಬೀಳುವ ಅಂಚುಗಳು. ಕೆಲವು ಮಾದರಿಗಳಲ್ಲಿ ಮೂಲಾಕ್ಷರ, ಒತ್ತು, ಗುಣಿತದ ಚಿಹ್ನೆಗಳು ಪ್ರತ್ಯೇಕ ಆಕಾರಗಳಾಗಿದ್ದು ಒಂದರ ಮೇಲೊಂದು ಸ್ವಲ್ಪ ಏರಿರುತ್ತವೆ. ಕಾಗದದ ಮೇಲೆ ಮಸಿ ತುಂಬಿದಾಗ ಇದು ಕಾಣದು. ಲೇಸರ್ ಯಂತ್ರಕ್ಕಾದರೋ ಅಂಚೇ ಸರ್ವಸ್ವ. ಅದು ಎರಡೂ ಅಂಚುಗಳನ್ನು ಅನುಸರಿಸಿ ಕೂಡುವೆಡೆಯನ್ನೇ ಕತ್ತರಿಸುತ್ತದೆ. ಸೋಮನಾಥಪುರದ ನಕ್ಷತ್ರದಲ್ಲಿ ನಾಲ್ಕು ಚೌಕಗಳನ್ನು ಒಂದುಗೂಡಿಸಿದಂತೆಯೇ ಇಲ್ಲಿಯೂ ಆಕಾರಗಳನ್ನು ಒಂದುಗೂಡಿಸಬೇಕು.

ನಾಲ್ಕನೆಯದು ದ್ವೀಪಗಳ ವಿಪತ್ತು. ದುಂಡಾದ ನಮ್ಮ ಲಿಪಿಯಲ್ಲಿ ಇದು ಮಿಕ್ಕವಕ್ಕಿಂತ ಹೆಚ್ಚು. ಹಲಗೆಯಲ್ಲಿ ಅಕ್ಷರಗಳನ್ನು ತೂತಾಗಿ ಕೊರೆದರೆ, ಸುತ್ತಲೂ ಮುಚ್ಚಿದ ಬಳೆಯುಳ್ಳ ಅನುಸ್ವಾರ, "ಠ", "ರ" ಮುಂತಾದವುಗಳ ಒಳಭಾಗಕ್ಕೆ ಆಧಾರವಿರುವುದಿಲ್ಲ. ಅಂತಹೆಡೆ ಒಂದೆರಡು ಮಿಲಿಮೀಟರು ಅಗಲದ ಸೇತುವೆಗಳನ್ನು ಬಿಡಬೇಕು. ಅದಕ್ಕೆ ಪ್ರತಿಯಾಗಿ ಅಕ್ಷರಗಳನ್ನೇ ಬಿಡಿಯಾಗಿ ಕತ್ತರಿಸಿ ಗೋಡೆಗೆ ಅಂಟಿಸುವುದಾದರೆ "ಠ"ಕಾರದ ಚುಕ್ಕೆ, ಅನುಸ್ವಾರ, ಕೆಲವು ಒತ್ತುಗಳು ಬೇರೆ ತುಂಡುಗಳಾಗುತ್ತವೆ. ಅವನ್ನು ಸ್ಥಾನದಲ್ಲಿ ಹಿಡಿಯಲು ಹಿಂಬದಿಯ ಹಲಗೆಯಾಗಲಿ, ಅಂಟಿಸುವ ಸ್ಥಾನವನ್ನು ತೋರಿಸುವ ನಕ್ಷೆಯಾಗಲಿ ಬೇಕು. "ಶ್ರೀಕಂಠೇಶ್ವರ" ಎಂಬ ಒಂದೇ ಪದದಲ್ಲಿ ಈ ಎಲ್ಲ ಸಂದರ್ಭಗಳೂ ಕೂಡಿರುವುದರಿಂದ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅದು ಉತ್ತಮವಾದ ಪಾಠ.

ರೂಟರ್ ಯಂತ್ರದಲ್ಲಿ ಅಕ್ಷರವನ್ನು ಕೆತ್ತುವವರು ಇನ್ನೊಂದು ಅಂಶವನ್ನು ನೆನಪಿಡಬೇಕು. ಅಕ್ಷರಮಾದರಿಯಲ್ಲಿರುವುದು ಅಕ್ಷರದ ಎರಡು ಅಂಚುಗಳು, ಲೇಖನಿಯು ಓಡಿದ ನಡುಗೆರೆಯಲ್ಲ. ಒಂದೇ ಗೆರೆಯ ಬರಹ ಬೇಕಾದಲ್ಲಿ ಅದನ್ನು ಕೈಯಿಂದಲೇ ರಚಿಸಿಕೊಳ್ಳಬೇಕಾಗುತ್ತದೆ. ಅಂತಹ ರಚನೆಯನ್ನು ಮಾಡಿದವರು ಇತರರೊಡನೆ ಹಂಚಿಕೊಂಡರೆ ಮಹದುಪಕಾರವಾಗುವುದು.

8. ಹಲಗೆ, ಅಲಗು ಮತ್ತು ಜಿ-ಕೋಡ್

ಬಡಗಿಯು ಗೆರೆಯ ಮೇಲೆ ಗರಗಸವಿಡದೆ ಪಕ್ಕದಲ್ಲಿಡುವುದು ಗರಗಸವು ತಿನ್ನುವ ಮರವನ್ನು ಬಲ್ಲುದರಿಂದ. ಲೇಸರ್ ಕಿರಣವೂ ತಿನ್ನುತ್ತದೆ. ಅದು ತಿನ್ನುವ ಅಗಲ 0.2 ಮಿಲಿಮೀಟರೆಂದಿಟ್ಟುಕೊಂಡರೆ, ಗೆರೆಯ ಮೇಲೆಯೇ ಕತ್ತರಿಸಿದಾಗ ಕಿಂಡಿಯು 0.2 ಹಿಗ್ಗುತ್ತದೆ, ಅದರೊಳಗೆ ಕೂರುವ ನಾಲಗೆಯು 0.2 ಕುಗ್ಗುತ್ತದೆ, ಕೂಡಿ 0.4 ಮಿಲಿಮೀಟರು ಸಡಿಲ. ರೂಟರಿನಲ್ಲಿ 3 ಮಿಲಿಮೀಟರು ವ್ಯಾಸದ ಅಲಗಾದರೆ ಒಳಮೂಲೆಗಳು 1.5 ಮಿಲಿಮೀಟರು ತ್ರಿಜ್ಯಕ್ಕಿಂತ ಚೂಪಾಗಲಾರವು. ಚೌಕವಾದ ನಾಲಗೆ ಅಲ್ಲಿ ಕೂರದು. ಇದಲ್ಲದೆ 3 ಮಿಲಿಮೀಟರೆಂದು ಕೊಂಡ ಪ್ಲೈವುಡ್ಡನ್ನು ಅಳೆದರೆ ತುಸು ಹೆಚ್ಚು ಕಡಮೆ ಇರುವುದು ಸಾಮಾನ್ಯ.

ಈ ಸಂಖ್ಯೆಗಳು ಯಂತ್ರದಿಂದ ಯಂತ್ರಕ್ಕೆ, ಹಲಗೆಯಿಂದ ಹಲಗೆಗೆ ಬೇರೆ. ಆದುದರಿಂದ ವಿನಿಮಯದ ಕಡತದಲ್ಲಿ ವಸ್ತುವಿನ ನಿಜವಾದ ಅಳತೆಯಿರಬೇಕು. ಕಡಿತಕ್ಕೆ ತಕ್ಕ ಹೊಂದಾಣಿಕೆಯನ್ನು ಯಂತ್ರದ ಬಳಿಯಿರುವವರಿಗೆ ಬಿಡಬೇಕು. ಜಿ-ಕೋಡನ್ನು ಹಂಚಬಾರದೆನ್ನುವುದಕ್ಕೂ ಇದೇ ಕಾರಣ. ಜಿ-ಕೋಡ್ ಎಂಬುದು ಯಂತ್ರಕ್ಕೆ ಕೊಡುವ ಕಟ್ಟಕಡೆಯ ಆಜ್ಞೆಗಳ ಪಟ್ಟಿ: ಜಿ20 ಎಂದರೆ ಅಂಗುಲ, ಜಿ21 ಎಂದರೆ ಮಿಲಿಮೀಟರು, ಜಿ1 ಎಂದರೆ ಸರಳರೇಖೆಯಲ್ಲಿ ಸಾಗು ಎಂಬಂತೆ. ಅದರಲ್ಲಿ ಒಬ್ಬರ ಅಲಗಿನ ವ್ಯಾಸ, ಒಬ್ಬರ ಹಲಗೆಯ ದಪ್ಪ, ಒಬ್ಬರ ಯಂತ್ರದ ವೇಗ ಎಲ್ಲವೂ ಬೆರೆತುಹೋಗಿರುತ್ತವೆ. ಮತ್ತೊಬ್ಬರು ಪರೀಕ್ಷಿಸದೆ ಅದನ್ನು ಓಡಿಸಿದರೆ ಅಲಗು ಹಲಗೆಯನ್ನು ದಾಟಿ ಮೇಜಿಗೇ ಇಳಿಯಬಹುದು.

ಯಾವ ವಸ್ತುವಿಗೆಂದು ವಿನ್ಯಾಸವನ್ನು ಮಾಡಿದೆಯೆಂಬುದನ್ನು ತಪ್ಪದೆ ಬರೆಯಬೇಕು. ಪಿ.ವಿ.ಸಿ. ಫೋಮ್ ಹಲಗೆಯೂ ಫ್ಲೆಕ್ಸ್ ಬಟ್ಟೆಯೂ ಫಲಕದ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಇವನ್ನು ಲೇಸರಿನಿಂದ ಕತ್ತರಿಸಕೂಡದು. ಕತ್ತರಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲವು ಹೊಮ್ಮಿ ಶ್ವಾಸಕೋಶಕ್ಕೂ ಯಂತ್ರದ ಲೋಹಕ್ಕೂ ಹಾನಿಯಾಗುತ್ತದೆ.

9. ಹಂಚಿಕೆಯ ಧರ್ಮ

ಸೋಮನಾಥಪುರದ ಅನೇಕ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಕೆತ್ತಿದೆ. ಹೆಸರನ್ನು ಕೆತ್ತಿದುದರಿಂದ ಏಳುನೂರು ವರ್ಷಗಳ ಬಳಿಕವೂ ಅದು ಯಾರ ಕೈಕೆಲಸವೆಂದು ನಾವು ಹೇಳಬಲ್ಲೆವು. ಕಡತವೂ ತನ್ನ ಕರ್ತೃವಿನ ಹೆಸರನ್ನು ಹೊರತಕ್ಕದ್ದು. ಅದರೊಡನೆ ಇತರರು ಅದನ್ನು ಏನು ಮಾಡಬಹುದು ಎಂಬುದೂ ಸ್ಪಷ್ಟವಾಗಿರಬೇಕು. 2002ರಿಂದ ಪ್ರಕಟವಾಗುತ್ತಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಇದಕ್ಕೆ ಒದಗುತ್ತವೆ: ಹೆಸರನ್ನು ಹೇಳಿ ಯಾರಾದರೂ ಬಳಸಬಹುದು ಎಂಬುದೊಂದು; ತಿದ್ದಿದವರೂ ಅದೇ ಷರತ್ತಿನಲ್ಲಿ ಹಂಚಬೇಕು ಎಂಬುದೊಂದು; ಮಾರಾಟಕ್ಕೆ ಬಳಸಕೂಡದು ಎಂಬುದೊಂದು. ಪರವಾನಗಿಯ ಮಾತೇ ಇಲ್ಲದ ಕಡತವನ್ನು ಉಚಿತವಾಗಿ ದೊರೆತ ಮಾತ್ರಕ್ಕೆ ತಮ್ಮದೆಂದು ಭಾವಿಸಲಾಗದು. ಮೈಸೂರಿನ ಬೀಟೆಮರದ ಕೂಡಿಕೆ ಕೆಲಸದವರಂತಹ ಕುಶಲಿಗಳ ವಿನ್ಯಾಸವನ್ನು ನೋಡಿ ರೇಖೆಗೆ ಇಳಿಸಿದ ವಿದ್ಯಾರ್ಥಿಯು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು: ಅವರ ಒಪ್ಪಿಗೆಯನ್ನು ಕೇಳದೆ ಅದನ್ನು ಊರಿಗೆಲ್ಲ ಹಂಚಿದರೆ ಅವರ ಜೀವನೋಪಾಯಕ್ಕೆ ಕೈ ಹಾಕಿದಂತಾಗುವುದು.

ಬಾಳಿಕೆಯ ವಿಷಯವೂ ಹಂಚಿಕೆಗೆ ಸೇರಿದುದೇ. ಇಂದು ಬರೆದುದನ್ನು ಇಪ್ಪತ್ತು ವರ್ಷಗಳ ಬಳಿಕ ತೆರೆಯುವ ವ್ಯಕ್ತಿಯೂ ದೂರದ ಊರಿನ ಮಿತ್ರನಂತೆಯೇ. ಅವನ ಬಳಿ ನಮ್ಮ ತಂತ್ರಾಂಶವಿರುವುದಿಲ್ಲ, ನಮ್ಮನ್ನು ಕೇಳುವ ಅವಕಾಶವಿರುವುದಿಲ್ಲ. ಮುಚ್ಚಿದ ಕನ್ನಡ ಅಕ್ಷರಮಾದರಿಗಳಲ್ಲಿ ಬರೆದ ಬರಹವನ್ನು ಮತ್ತೆ ಓದಿಸಿಕೊಳ್ಳಲು ನಾವು ಪಟ್ಟ ಪಾಡನ್ನು ವಿನ್ಯಾಸಗಳ ವಿಷಯದಲ್ಲಿ ಪುನಃ ಪಡಬೇಕಾಗಿಲ್ಲ. ವಿವರಣೆಯು ಪ್ರಕಟವಾಗಿರುವ, ಅಕ್ಷರಗಳಲ್ಲಿಯೇ ಬರೆದಿರುವ ರೂಪವನ್ನು ಆರಿಸಿಕೊಂಡರೆ, ತಂತ್ರಾಂಶವು ಇಲ್ಲವಾದರೂ ಕಡತವನ್ನು ತೆರೆದು ಅದರ ಅರ್ಥವನ್ನು ಬಿಡಿಸಬಹುದು.

10. ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಒಂದು ವಿನ್ಯಾಸವನ್ನು ಕೊಡುವಾಗ ಮೂರನ್ನು ಒಟ್ಟಿಗೆ ಕೊಡಬೇಕು. ಮೊದಲನೆಯದು, ಅಕ್ಷರಗಳನ್ನು ರೇಖೆಯಾಗಿಸಿ, ಆಕಾರಗಳನ್ನು ಒಂದುಗೂಡಿಸಿ, 100 ಮಿಲಿಮೀಟರು ಚೌಕವನ್ನು ಸೇರಿಸಿದ ಕತ್ತರಿಸುವ ಕಡತ. ಇದು ಲೇಸರ್ ಯಂತ್ರಕ್ಕೆ ಎಸ್.ವಿ.ಜಿ. ಅಥವಾ ಪಿ.ಡಿ.ಎಫ್., ರೂಟರ್ ಯಂತ್ರಕ್ಕೆ ಡಿ.ಎಕ್ಸ್.ಎಫ್. ಆಗಿರುವುದು ವಾಡಿಕೆ. ಎರಡನೆಯದು, ರಚನೆಯ ಕ್ರಮವನ್ನೂ ಯೂನಿಕೋಡ್ ಬರಹವನ್ನೂ ಉಳಿಸಿಕೊಂಡ ತಿದ್ದುವ ಕಡತ. ಮೂರನೆಯದು, ಒಂದು ಪುಟದ ಟಿಪ್ಪಣಿ. ಅದರಲ್ಲಿ ಒಟ್ಟು ಉದ್ದ ಅಗಲ, ವಸ್ತು ಮತ್ತು ಅದರ ದಪ್ಪ, ಬಣ್ಣಗಳ ಅರ್ಥ, ಅಕ್ಷರಮಾದರಿಯ ಹೆಸರು, ಕರ್ತೃ, ದಿನಾಂಕ, ಪರವಾನಗಿ ಇಷ್ಟಿದ್ದರೆ ಸಾಕು.

ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಕಾಲು ಗಂಟೆಯ ತಾಳ್ಮೆ ಬೇಕು. ಕಾಲೇಜುಗಳಲ್ಲಿ ಗಣಕ ಮತ್ತು ಕರಕೌಶಲಗಳನ್ನು ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆಯನ್ನು ಕೊಡಬಹುದು: ತಾನು ರಚಿಸಿದ ಕಡತವನ್ನು ಬೇರೊಂದು ಊರಿನ ಸಹಪಾಠಿಗೆ ಕಳುಹಿಸಿ, ಬಾಯಿಂದ ಒಂದು ಮಾತನ್ನೂ ಹೇಳದೆ, ಸರಿಯಾದ ಅಳತೆಯ ವಸ್ತುವನ್ನು ಅವನಿಂದ ಮಾಡಿಸಿ ತರಿಸಿಕೊಳ್ಳುವುದು. ನಂಜನಗೂಡಿನಲ್ಲಿ ಬರೆದ ನಾಮಫಲಕವು ತಿರುಮಕೂಡಲು ನರಸೀಪುರದಲ್ಲಿ 400 ಮಿಲಿಮೀಟರೂ ತಪ್ಪದೆ, "ಠೇ"ಕಾರವೂ ಕಳಚದೆ ಹೊರಬಂದಲ್ಲಿ ಆ ವಿದ್ಯಾರ್ಥಿಯು ಉತ್ತೀರ್ಣನೆಂದು ತಿಳಿಯಬಹುದು.